ಧಾರವಾಡ ಕೇಳಿಸುತ್ತದೆ, ಗುಡ್ಡದಾಚೆಯ ಟವರ್ ಸಿಗುವುದಿಲ್ಲ

ಪ್ರಶ್ನೆ: ನಮ್ಮ ಮನೆ ತೋಟದ ತಗ್ಗಿನಲ್ಲಿದೆ. ಅಪ್ಪನ ಹಳೇ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಚೆನ್ನಾಗಿ ಬರುತ್ತದೆ. ಗುಡ್ಡದಾಚೆಯ ಮೊಬೈಲ್ ಟವರ್ ಮಾತ್ರ ಸಿಗುವುದಿಲ್ಲ, ಮೀಟಿಂಗ್ ಇದ್ದರೆ ಲ್ಯಾಪ್‌ಟಾಪ್ ಹೊತ್ತು ಗುಡ್ಡ ಹತ್ತಬೇಕು. ಎರಡೂ ಗಾಳಿಯಲ್ಲಿ ಬರುವ ಅಲೆಗಳೇ ಅಲ್ವಾ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಎರಡೂ ರೇಡಿಯೋ ಅಲೆಗಳೇ. ‘ಗಾಳಿಯಲ್ಲಿ’ ಅನ್ನುವುದು ಸುಮ್ನೆ ರೂಢಿ ಮಾತು. ಇವಕ್ಕೆ ಗಾಳಿ ಬೇಕಾಗಿಲ್ಲ, ಬೇಕಿದ್ದರೆ ಉಪಗ್ರಹದಿಂದ ಟೀವಿ ಬರುತ್ತಲೇ ಇರಲಿಲ್ಲ. ವೇಗವೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಬೇರೆಯಾಗುವುದು ಅಲೆಯ ಉದ್ದ.

ಧಾರವಾಡದ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಏರಿಳಿಯುವ ಅಲೆ, ಒಂದೊಂದೂ ಸುಮಾರು 390 ಮೀಟರ್ ಉದ್ದ. ಅಷ್ಟುದ್ದದ ಅಲೆಗೆ ನಿಮ್ಮ ಗುಡ್ಡ ಯಾವ ಲೆಕ್ಕ? ನೆಲವನ್ನೇ ಹಿಡಿದುಕೊಂಡು, ಏರು ತಗ್ಗು ಬಳಸಿ ಬಂದುಬಿಡುತ್ತದೆ. ಫೋನಿನ 1800 ಮೆಗಾಹರ್ಟ್ಸ್ (ಒಂದು ಮೆಗಾಹರ್ಟ್ಸ್ ಅಂದರೆ ಸಾವಿರ ಕಿಲೋಹರ್ಟ್ಸ್) ಅಲೆ ಸುಮಾರು 17 ಸೆಂ.ಮೀ., 5ಜಿಯ 3300 ಮೆಗಾಹರ್ಟ್ಸ್ ಅಲೆ ಬರೀ 9 ಸೆಂ.ಮೀ. ಇವು ಅಷ್ಟಾಗಿ ಬಳಸಿ ಬರುವುದಿಲ್ಲ. ಗುಡ್ಡದ ಹಿಂದೆ ಬಿಸಿಲಿಗೆ ನೆರಳು ಬಿದ್ದ ಹಾಗೆ ಇವಕ್ಕೂ ನೆರಳು ಬೀಳುತ್ತದೆ, ನಿಮ್ಮ ಮನೆ ಆ ನೆರಳಿನಲ್ಲಿದೆ. ಸಾಲದ್ದಕ್ಕೆ ಎಲೆಯೊಳಗಿನ ನೀರು, ಮಳೆಗಾಲದಲ್ಲಿ ಎಲೆ ಮೇಲಿನ ನೀರು, ಅಳಿದುಳಿದ ಸಿಗ್ನಲ್ ಅನ್ನೂ ಹೀರುತ್ತವೆ.

ಹಾಗಾದರೆ ಫೋನನ್ನೂ ಮೀಡಿಯಂ ವೇವ್‌ನಲ್ಲೇ ನಡೆಸಬಾರದೇಕೆ ಅಂತ ಕೇಳುತ್ತೀರಿ. ಜಾಗ ಸಾಲದು. ನಮ್ಮಲ್ಲಿ ಮೀಡಿಯಂ ವೇವ್ ಅಂದರೆ 531ರಿಂದ 1602 ಕಿಲೋಹರ್ಟ್ಸ್, ಇಡೀ ಪಟ್ಟಿ (ಬ್ಯಾಂಡ್) ಸೇರಿದರೂ 1 ಮೆಗಾಹರ್ಟ್ಸ್ ಚಿಲ್ಲರೆ. ರೇಡಿಯೋ ಕೇಂದ್ರಕ್ಕೆ ಸಿಗುವ ಪಾಲು 9 ಕಿಲೋಹರ್ಟ್ಸ್, ಮಾತು ಹಾಡಿಗೆ ಅಷ್ಟು ಸಾಕು. 4ಜಿ ಟವರ್ ಒಂದೇ ಸಲಕ್ಕೆ 5, 10, ಕೆಲವು ಕಡೆ 20 ಮೆಗಾಹರ್ಟ್ಸ್ ಬಳಸುತ್ತದೆ. ವಿಡಿಯೋ ಬೇಕು ಅಂದರೆ ಜಾಗ ಜಾಸ್ತಿ ಇರುವ ಮೇಲಿನ ಪಟ್ಟಿಗೇ ಹೋಗಬೇಕು, ಅಲ್ಲಿನ ಅಲೆ ದೂರ ಹೋಗುವುದಿಲ್ಲ. 700 ಮೆಗಾಹರ್ಟ್ಸ್‌ಗೆ ಕಂಪನಿಗಳು ಹಣ ಸುರಿಯುವುದು ಇದಕ್ಕೇ, ಮೊಬೈಲ್ ಪಟ್ಟಿಗಳಲ್ಲಿ ಅದು ಕೆಳಗಿನದು, ಮಲೆನಾಡಿಗೆ ಹೇಳಿ ಮಾಡಿಸಿದ್ದು. ನಗರದ 5ಜಿ ಜಾಹೀರಾತು ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ, ನಿಮ್ಮ ತಗ್ಗಿಗೆ ಬೇಕಾದದ್ದು ಅದಲ್ಲ.

ಇನ್ನೊಂದು ವಿಷಯ. ರೇಡಿಯೋ ಬರೀ ಕೇಳಿಸಿಕೊಳ್ಳುತ್ತದೆ, ಫೋನು ತಿರುಗಿ ಉತ್ತರ ಕೊಡಬೇಕು. 4ಜಿ ಫೋನಿನ ಶಕ್ತಿ ಹೆಚ್ಚೆಂದರೆ ಕಾಲು ವ್ಯಾಟಿಗಿಂತಲೂ ಕಡಿಮೆ. ಎರಡು ಕಡ್ಡಿ ಕಂಡರೂ ಕಾಲ್ ಹೋಗದಿದ್ದರೆ ಟವರಿನ ಮಾತು ನಿಮಗೆ ಮುಟ್ಟಿದೆ, ನಿಮ್ಮದು ಟವರಿಗೆ ಮುಟ್ಟಿಲ್ಲ ಅಂತ ತಿಳಿಯಬಹುದು.

ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಕಾಲಿಂಗ್ ಹಾಕಿಕೊಳ್ಳಿ, ಕಾಲ್ ಟವರಿನ ಬದಲು ಅದರ ಮೂಲಕವೇ ಹೋಗುತ್ತದೆ. ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಟವರಿಗೆ ಗದ್ದಲ ತುಂಬಿ ಊರಿನವರ ಫೋನೂ ಕೆಡುತ್ತದೆ.

ಪ್ರಶ್ನೆ: ಬೋಟಿನ ವಯರ್‌ಲೆಸ್ ಸೆಟ್‌ನಲ್ಲಿ ದಡದವರು ಸಿಗುತ್ತಾರೆ, ಅದಕ್ಕಿಂತ ಹತ್ತಿರ ಇರುವ ನಮ್ಮ ಇನ್ನೊಂದು ಬೋಟು ಸಿಗುವುದಿಲ್ಲ. ಸೆಟ್ ಕೆಟ್ಟಿದೆಯಾ?
– ಓದುಗರು, ಕಾರವಾರ

ಉತ್ತರ: ಕೆಟ್ಟಿರಬೇಕು ಅಂತೇನಿಲ್ಲ. ಬೋಟಿನ ಸೆಟ್ ಬಳಸುವ ವಿಎಚ್‌ಎಫ್ ಅಲೆ ಎರಡು ಮೀಟರ್ ಆಸುಪಾಸಿನದು, ಹೆಚ್ಚುಕಡಿಮೆ ನೇರ ಹೋಗುತ್ತದೆ. ಭೂಮಿ ಗುಂಡಗಿರುವುದರಿಂದ ದೂರದ ಬೋಟು ಅಂಚಿನ ಕೆಳಗೆ ಇಳಿದುಬಿಡುತ್ತದೆ. ಎರಡೂ ಬೋಟಿನ ಆಂಟೆನಾ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಸುಮಾರು 16 ಕಿ.ಮೀ.ವರೆಗೆ ಮಾತು. ದಡದಲ್ಲಿ ಗುಡ್ಡದ ಮೇಲೆ, ನೂರು ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ 50 ಕಿ.ಮೀ. ಹತ್ತಿರ. ಆದ್ದರಿಂದ ಹೊಸ ಸೆಟ್ಟಿಗೆ ದುಡ್ಡು ಹಾಕುವ ಮೊದಲು ಆಂಟೆನಾ ಎತ್ತರಿಸಿ, ಉಪ್ಪು ಹಿಡಿದ ಕೇಬಲ್ ತುದಿ ಬದಲಿಸಿ ನೋಡಿ. ಹಾಂ, ಚಾನೆಲ್ 16ರಲ್ಲಿ ಮೀನಿನ ರೇಟು ಮಾತಾಡಬೇಡಿ. ಅದು 156.8 ಮೆಗಾಹರ್ಟ್ಸ್, ಅಪಾಯದ ಕರೆಗೆ ಲೋಕದ ಎಲ್ಲ ಹಡಗುಗಳೂ ಕಿವಿಕೊಡುವ ಚಾನೆಲ್, ನೀವು ಗುಂಡಿ ಒತ್ತಿ ಹರಟುವಾಗ ಮುಳುಗುತ್ತಿರುವವನ ಕೂಗು ಯಾರಿಗೂ ಕೇಳದೆ ಹೋಗಬಹುದು.