ಮೀಸೆ ಅಳಿಸ್ಬೇಡಿ, ಕಿವಿ ತಿದ್ದಬೇಡಿ: ಬೆಕ್ಕಿನ ಫೋಟೋ ಪ್ರಶ್ನೋತ್ತರ

ಬೆಕ್ಕಿನ ಫೋಟೋ ತೆಗೆಯೋದು, ಆಮೇಲೆ ಎಡಿಟ್ ಮಾಡೋದು, ಇದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹೇಳಿದ್ದೆ. ಬಂದ ಪತ್ರ, ಮೆಸೇಜು ಎಲ್ಲಾ ಓದಿದೀನಿ, ಜೊತೆಗೆ ಕಳ್ಸಿರೋ ಫೋಟೋಗಳನ್ನೂ ದೊಡ್ಡದು ಮಾಡ್ಕೊಂಡು ನೋಡಿದೀನಿ. ಎಲ್ಲದಕ್ಕೂ ಇಲ್ಲಿ ಜಾಗ ಸಾಲಲ್ಲ, ತುಂಬಾ ಜನ ಕೇಳಿರೋದನ್ನ ಮೊದಲು ತಗೋತೀನಿ.

ಪ್ರಶ್ನೆ: ಮೇಡಂ, ನಮ್ಮನೆ ಕರಿಯ ಪೂರ್ತಿ ಕಪ್ಪು ಬೆಕ್ಕು. ಜಗಲಿ ಮೇಲೆ ಕೂತಾಗ ಎಷ್ಟು ಚೆಂದ ಕಾಣ್ತಾನೆ, ಫೋಟೋದಲ್ಲಿ ಮಾತ್ರ ಇದ್ದಿಲು ಮೂಟೆ ಥರ ಬರ್ತಾನೆ. ಎಡಿಟ್ ಮಾಡಿ ಬ್ರೈಟ್ ಮಾಡಿದ್ರೆ ಮೈಗೆ ಬೂದಿ ಬಳ್ದ ಹಾಗಾಗತ್ತೆ. ಏನ್ ಮಾಡ್ಲಿ?
(ಓದುಗರು, ಶಿರಸಿ)

ಉತ್ತರ: ನಿಮ್ಮ ಫೋಟೋದಲ್ಲಿ ಕರಿಯನ ಹಿಂದೆ ಅಂಗಳದ ಬಿಸಿಲು ಪೂರ್ತಿ ಬಿದ್ದಿದೆ ನೋಡಿ, ತೊಂದರೆ ಅಲ್ಲೇ ಇರೋದು. ಫೋನು ಆ ಬಿಸಿಲನ್ನ ಸಂಭಾಳಿಸೋಕೆ ಹೋಗಿ ಒಟ್ಟು ಬೆಳಕನ್ನೇ ಕಮ್ಮಿ ಮಾಡತ್ತೆ, ಆಗ ಕರಿಯ ಕತ್ತಲಲ್ಲಿ ಮುಳುಗಿ ಹೋಗ್ತಾನೆ. ಅದೇ ನೀವು ಹತ್ತಿರ ಹೋಗಿ ಫ್ರೇಮ್ ತುಂಬಾ ಅವನನ್ನೇ ತುಂಬಿಸಿದ್ರೆ ಉಲ್ಟಾ ಆಗತ್ತೆ, ಯಾಕಂದ್ರೆ ಕ್ಯಾಮೆರಾದ ಮೀಟರ್ ತಾನು ನೋಡಿದ್ದೆಲ್ಲಾ ಮಧ್ಯಮ ಬೂದು ಬಣ್ಣ ಅಂತ್ಲೇ ಲೆಕ್ಕ ಹಾಕತ್ತೆ, ಕಪ್ಪನ್ನ ಬೂದುಬಣ್ಣಕ್ಕೆ ಏರ್ಸತ್ತೆ, ಬಿಳಿಯನ್ನ ಬೂದುಬಣ್ಣಕ್ಕೆ ಇಳ್ಸತ್ತೆ. ಅದಕ್ಕೇ ಕಪ್ಪು ಬೆಕ್ಕು ಫ್ರೇಮ್ ತುಂಬಾ ಇದ್ದಾಗ ಎಕ್ಸ್‌ಪೋಷರ್ (ಕ್ಯಾಮೆರಾ ತಗೊಳ್ಳೋ ಬೆಳಕು) ಅರ್ಧದಿಂದ ಒಂದು ಸ್ಟಾಪ್ ಮೈನಸ್, ಒಂದು ಸ್ಟಾಪ್ ಮೈನಸ್ ಅಂದ್ರೆ ಬೆಳಕು ಅರ್ಧಕ್ಕೆ ಇಳಿಸೋದು, ಬಿಳಿ ಬೆಕ್ಕಿಗೆ ಅಷ್ಟೇ ಪ್ಲಸ್. ಫೋನಲ್ಲಾದ್ರೆ ಮುಖದ ಮೇಲೆ ಒಂದ್ಸಲ ಒತ್ತಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮೇಲೆ ಕೆಳಗೆ ಎಳೆದ್ರೆ ಸಾಕು.

ಇನ್ನೊಂದು ಕೆಲ್ಸ ಮಾಡಿ. ನೀವು ಒಳಗಿಂದ ಹೊರಗೆ ನೋಡ್ತಾ ತೆಗೀತಿದೀರಿ, ಜಾಗ ಬದಲಾಯಿಸಿ ಅಂಗಳಕ್ಕಿಳಿದು ಒಳಗಿನ ಕಡೆ ಮುಖ ಮಾಡ್ಕೊಳ್ಳಿ. ಆಗ ಬೆಳಕು ಕರಿಯನ ಮುಖದ ಮೇಲೆ ಬೀಳತ್ತೆ, ಹಿಂದೆ ನಿಮ್ಮನೆ ಕೆಂಪು ನೆಲ, ನೆರಳು. ಬೆಳಗ್ಗೆ ಎಂಟು ಗಂಟೆ ಬೆಳಕು ಓರೆಯಾಗಿ ಬಿದ್ರೆ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಕಾಣತ್ತೆ, ಆಗ ಗೊತ್ತಾಗತ್ತೆ ನಿಮಗೆ, ಕಪ್ಪು ಬೆಕ್ಕು ಅನ್ನೋದು ಬರೀ ಕಪ್ಪಲ್ಲ, ಹೊಟ್ಟೆ ಹತ್ರ, ತೊಡೆ ಹತ್ರ ಕಾಫಿಪುಡಿ ಬಣ್ಣ ಇರತ್ತೆ. ಎಡಿಟ್ ಮಾಡೋವಾಗ ಆ ಕಂದು ಬಣ್ಣವನ್ನ ತಪ್ಪು ಅಂತ ತೆಗೆದು ಹಾಕ್ಬೇಡಿ, ಅದು ಅವನದೇ. ಒಟ್ಟು ಬ್ರೈಟ್‌ನೆಸ್ ಮುಟ್ಟಲೇಬೇಡಿ, ಬೂದಿ ಬಳ್ದ ಹಾಗಾಗೋದು ಅದ್ರಿಂದಾನೇ. ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ಎಡಿಟಿಂಗ್ ಆಪಲ್ಲಿ ಸೆಲೆಕ್ಟಿವ್ ಅಂತ ಇದೆ, ಅದನ್ನ ಮುಖದ ಮೇಲೆ ಇಟ್ಟು ಅಲ್ಲಿ ಮಾತ್ರ ಸ್ವಲ್ಪ ಬೆಳಕು, ಸ್ವಲ್ಪ ಸ್ಟ್ರಕ್ಚರ್ (ಸಣ್ಣ ವಿವರ ಎದ್ದು ಕಾಣಿಸೋದು) ಕೊಡಿ. ಕಣ್ಣಿನ ಸುತ್ತ ರೋಮ ಬಿಡಿಬಿಡಿಯಾಗಿ ಕಂಡ ತಕ್ಷಣ ನಿಲ್ಲಿಸ್ಬಿಡಿ.

ಪ್ರಶ್ನೆ: ನಮ್ಮ ಬಿಳಿ ಬೆಕ್ಕಿಗೆ ಒಂದು ಕಣ್ಣು ನೀಲಿ, ಒಂದು ಹಳದಿ. ಫ್ಲ್ಯಾಶ್ ಹಾಕಿ ತೆಗೆದ್ರೆ ನೀಲಿ ಕಣ್ಣು ಕೆಂಪಗೆ, ಇನ್ನೊಂದು ಹಸಿರು ಬಲ್ಬ್ ಥರ ಉರಿಯತ್ತೆ. ಕಾಯಿಲೆ ಏನಾದ್ರೂ ಇದ್ಯಾ ಅಂತ ಭಯ ಆಗಿದೆ. ಹೆಸರು ಹಿಡಿದು ಕೂಗಿದ್ರೂ ತಿರುಗಲ್ಲ, ಒಂದು ಒಳ್ಳೆ ಫೋಟೋ ಇಲ್ಲ.
(ಓದುಗರು, ಮೈಸೂರು)

ಉತ್ತರ: ಕಣ್ಣಿನ ವಿಷ್ಯಕ್ಕೆ ಭಯ ಬೇಡ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿ ಥರ ಕೆಲ್ಸ ಮಾಡೋ ಒಂದು ಪದರ ಇರತ್ತೆ, ಟೇಪೀಟಮ್ ಅಂತಾರೆ, ಕತ್ತಲಲ್ಲಿ ಸಿಗೋ ಚೂರು ಬೆಳಕನ್ನೂ ವಾಪಸ್ ಕಳ್ಸಿ ಎರಡನೇ ಸಲ ಉಪಯೋಗಕ್ಕೆ ಕೊಡೋದು ಅದೇ. ಫ್ಲ್ಯಾಶ್ ಬಿದ್ದಾಗ ಹಸಿರು ಹೊಳಪು ಬರೋದು ಅದ್ರಿಂದ. ನೀಲಿ ಕಣ್ಣಲ್ಲಿ ಬಣ್ಣದ ಅಂಶ ಕಮ್ಮಿ, ಆ ಪದರಾನೂ ಎಷ್ಟೋ ಸಲ ಇರಲ್ಲ, ಹಾಗಾಗಿ ಹಿಂದಿನ ರಕ್ತನಾಳದ ಕೆಂಪೇ ಫೋಟೋದಲ್ಲಿ ಬರತ್ತೆ, ಮನುಷ್ಯರ ಫೋಟೋದಲ್ಲಿ ಬರಲ್ವಾ ಹಾಗೆ.

ಆದ್ರೆ ಕೂಗಿದ್ರೆ ತಿರುಗಲ್ಲ ಅಂದಿದೀರಲ್ಲ, ಅದನ್ನ ಪಶುವೈದ್ಯರಿಗೆ ಹೇಳಿ. ಬಿಳಿ ಬೆಕ್ಕುಗಳಲ್ಲಿ, ಅದ್ರಲ್ಲೂ ನೀಲಿ ಕಣ್ಣಿದ್ರೆ, ಹುಟ್ಟಿನಿಂದ್ಲೇ ಕಿವಿ ಕೇಳಿಸದೇ ಇರೋ ಸಾಧ್ಯತೆ ಜಾಸ್ತಿ, ಒಂದೇ ಕಣ್ಣು ನೀಲಿ ಇದ್ರೆ ಎಷ್ಟೋ ಸಲ ಆ ಕಡೆ ಕಿವಿ ಮಾತ್ರ ಕೇಳಿಸಲ್ಲ. ಪಾಪ ಅದು ಮೊಂಡುತನ ಮಾಡ್ತಿಲ್ಲ. ಫೋಟೋ ತೆಗೆಯೋವಾಗ ಚಪ್ಪಾಳೆ, ಸಿಳ್ಳೆ ಎಲ್ಲಾ ಬಿಟ್ಟು ಲೆನ್ಸ್ ಪಕ್ಕ ಒಂದು ಪೊರಕೆ ಕಡ್ಡಿ ಆಡ್ಸಿ, ನೋಡತ್ತೆ. ಫ್ಲ್ಯಾಶ್ ಆಫ್ ಮಾಡಿ ಕಿಟಕಿ ಪಕ್ಕ ಕೂರ್ಸಿ, ಎರಡೂ ಕಣ್ಣಿಗೆ ಒಂದೇ ಥರ ಬೆಳಕು ಬೀಳೋ ಹಾಗೆ.

ಈಗಾಗ್ಲೇ ತೆಗೆದಿರೋದನ್ನ ತಿದ್ದೋಕೆ ಎಡಿಟಿಂಗ್ ಆಪಲ್ಲಿರೋ ರೆಡ್ ಐ ಅನ್ನೋ ಬಟನ್ ಪೂರ್ತಿ ಉಪಯೋಗ ಆಗಲ್ಲ, ಅದು ಕೆಂಪನ್ನ ಮಾತ್ರ ಹುಡುಕತ್ತೆ, ಹಸಿರು ಕಣ್ಣನ್ನ ಹಾಗೇ ಬಿಡತ್ತೆ. ಕಂಪ್ಯೂಟರಿನ ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಪೆಟ್ ಐ ಅಂತ ಬೇರೇನೇ ಇದೆ. ಇಲ್ಲಾಂದ್ರೆ ಬ್ರಶ್ ತಗೊಂಡು ಪಾಪೆ ಮೇಲೆ ಮಾತ್ರ ಮೊದಲು ಬಣ್ಣ ತೆಗೀರಿ, ಆಮೇಲೆ ಕಪ್ಪು ಮಾಡಿ, ಕಣ್ಣೊಳಗಿರೋ ಬೆಳಕಿನ ಚುಕ್ಕೆ ಮಾತ್ರ ಬಿಟ್ಬಿಡಿ, ಅದು ಹೋದ್ರೆ ಕಣ್ಣಲ್ಲಿ ಜೀವ ಇರಲ್ಲ. ಒಂದು ಕಣ್ಣನ್ನ ಕಾಪಿ ಮಾಡಿ ಇನ್ನೊಂದರ ಮೇಲೆ ಅಂಟಿಸೋ ಕೆಲ್ಸ ದಯವಿಟ್ಟು ಬೇಡ.

ಪ್ರಶ್ನೆ: ನಮ್ಮ ಬೆಕ್ಕಿನ ಮರಿ ಒಂದ್ ಕಡೆ ಕುಂದ್ರಂಗಿಲ್ರಿ. ಫೋಟೋ ಎಲ್ಲಾ ಅಲುಗಾಡಿದಂಗ ಬರ್ತಾವ. ರಾತ್ರಿ ತೆಗದ್ರ ಮ್ಯಾಲ ಅಡ್ಡ ಅಡ್ಡ ಪಟ್ಟಿ ಬ್ಯಾರೆ.
(ಓದುಗರು, ಹುಬ್ಬಳ್ಳಿ)

ಉತ್ತರ: ಆ ಪಟ್ಟಿ ನಿಮ್ಮ ಫೋನಿನ ದೋಷ ಅಲ್ಲ. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಅಂದ್ರೆ ಹಳೇ ಟ್ಯೂಬ್‌ಲೈಟು, ಕೆಲವು ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗ್ತಿರತ್ತೆ, ನಮ್ಮ ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಸಿಕ್ಕಿಹಾಕ್ಕೊಳ್ಳತ್ತೆ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್, ಅಂದ್ರೆ ಬೆಳಕು ಒಳಗೆ ಬಿಡೋ ಹೊತ್ತು, 1/100 ಅಥವಾ 1/50 ಸೆಕೆಂಡ್ ಇಟ್ರೆ ಪಟ್ಟಿ ಹೋಗತ್ತೆ. ಆದ್ರೆ ಆ ಸ್ಪೀಡಿಗೆ ಓಡೋ ಮರಿ ನಿಲ್ಲಲ್ಲ, ಅದಕ್ಕೆ 1/500 ಆದ್ರೂ ಬೇಕು, ಅಷ್ಟು ಬೆಳಕು ಹಗಲು ಹೊತ್ತಲ್ಲೇ ಸಿಗೋದು. ಅದಕ್ಕೇ ರಾತ್ರಿ ಮಲಗಿರೋ ಮರಿ ತೆಗೀರಿ, ಹಗಲು ಆಡೋ ಮರಿ ತೆಗೀರಿ. ಅಲುಗಾಡಿದ್ದನ್ನ ಶಾರ್ಪ್ ಮಾಡಿ ಸರಿಮಾಡ್ತೀನಿ ಅಂತ ಕೂರ್ಬೇಡಿ, ಆಗಲ್ಲ.

ವಾಲ್ಟರ್ ಚಂಡೋಹಾ ಅಂತ ಅಮೆರಿಕದಲ್ಲಿ ಒಬ್ರು ಫೋಟೋಗ್ರಾಫರ್ ಇದ್ರು. 1949ರ ಚಳಿಗಾಲದಲ್ಲಿ ನ್ಯೂಯಾರ್ಕಲ್ಲಿ ಹಿಮದಲ್ಲಿ ಸಿಕ್ಕ ಒಂದು ಮರಿಯನ್ನ ಮನೆಗೆ ತಂದ್ರು, ಅದರ ಹುಚ್ಚಾಟ ನೋಡಿ ಲೋಕೋ ಅಂತ ಹೆಸರಿಟ್ರು, ಸ್ಪ್ಯಾನಿಷಲ್ಲಿ ಹಾಗಂದ್ರೆ ಹುಚ್ಚ ಅಂತ. ಆ ಮರಿಯಿಂದ ಶುರುವಾಗಿ 2019ರಲ್ಲಿ ತೀರಿಕೊಳ್ಳೋ ತನಕ ಬೆಕ್ಕಿನ ಫೋಟೋಗಳಿಗೇ ಹೆಸರಾದ್ರು. ನಿಮ್ಮನೇಲೂ ಅಂಥದ್ದೇ ಒಂದು ಇದೆಯಲ್ರೀ, ನೆಲದ ಮೇಲೆ ಮೊಣಕೈ ಊರಿ ಅದರ ಕಣ್ಣಿನ ಎತ್ತರಕ್ಕೆ ಬನ್ನಿ, ಒಂದರ ಹಿಂದೊಂದು ಫೋಟೋ ತೆಗೆಯೋ ಬರ್ಸ್ಟ್ ಹಾಕಿ 40 ತೆಗೀರಿ, ಒಂದು ಸಿಕ್ರೆ ಸಾಕು.

ಪ್ರಶ್ನೆ: ಬೀದಿಯಿಂದ ತಂದ ಬೆಕ್ಕು, ಎಡಗಿವಿ ತುದಿ ಕತ್ತರಿಸಿದೆ. ದೊಡ್ಡ ಪ್ರಿಂಟ್ ಹಾಕ್ಸಿ ಮನೆ ಹಾಲ್‌ನಲ್ಲಿ ಇಡೋ ಆಸೆ. ಕಿವಿ ಸರಿ ಮಾಡಿ ಬ್ಯಾಕ್‌ಗ್ರೌಂಡ್ ಬದಲಾಯಿಸೋದು ಹೇಗೆ? ಆಪಲ್ಲಿ ಮಾಡಿದ್ರೆ ಮೀಸೆ ಮಾಯ ಆಗತ್ತೆ.
(ಓದುಗರು, ಬೆಂಗಳೂರು)

ಉತ್ತರ: ಆ ಕಿವಿ ಗಾಯ ಇರ್ಲಿಕ್ಕಿಲ್ಲ. ಬೀದಿ ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡ್ದಾಗ, ಮತ್ತೆ ಯಾರೂ ಹಿಡಿದು ಹೊಟ್ಟೆ ಕೊಯ್ಯದೇ ಇರ್ಲಿ ಅಂತ ಅರಿವಳಿಕೆಯಲ್ಲಿದ್ದಾಗ್ಲೇ ಕಿವಿ ತುದಿ ನೇರವಾಗಿ ಕತ್ತರಿಸಿ ಗುರುತು ಮಾಡ್ತಾರೆ. ನಿಮಗಿಂತ ಮುಂಚೆ ಯಾರೋ ಅದರ ಕಾಳಜಿ ಮಾಡಿದಾರೆ ಅಂತ ಅರ್ಥ. ನಾನಾದ್ರೆ ಖಂಡಿತ ತಿದ್ದಲ್ಲ. ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂದ್ರೆ, ನಮ್ಮನೆ ಚಿನ್ನಿಗೆ ಬಲಗಿವೀಲಿ ಒಂದು ಸೀಳು ಇತ್ತು, ಗಂಡು ಬೆಕ್ಕಿನ ಜೊತೆ ಜಗಳ ಆಡಿದ್ದು, ಅದನ್ನ ಪಕ್ಕದ ಭಾಗ ಕಾಪಿ ಮಾಡಿ ಅಂಟಿಸೋ ಕ್ಲೋನ್ ಟೂಲಲ್ಲಿ ನೀಟಾಗಿ ಮುಚ್ಚಿ ಫ್ರೇಮ್ ಹಾಕ್ಸಿದ್ದೆ. ಚಿನ್ನಿ ಹೋಗಿ ಆರು ವರ್ಷ. ಫೋನ್ ಕಳೆದು ಒರಿಜಿನಲ್ಲೂ ಹೋಯ್ತು. ಗೋಡೆ ಮೇಲಿರೋ ಬೆಕ್ಕಿಗೆ ಎರಡೂ ಕಿವಿ ಚೆನ್ನಾಗಿದೆ, ಬೆರಳಲ್ಲಿ ಸವರ್ತಾ ಇದ್ದ ಆ ಸೀಳು ಎಲ್ಲೂ ಇಲ್ಲ.

ಕಣ್ಣಿನ ಪಿಸುರು, ಸೋಫಾ ಮೇಲಿನ ಕಸ, ಮೂಗಿಗೆ ಅಂಟಿದ ಅನ್ನದ ಅಗುಳು, ಇದನ್ನೆಲ್ಲಾ ಕಲೆ ಅಳಿಸೋ ಹೀಲಿಂಗ್ ಟೂಲಲ್ಲಿ ಧಾರಾಳವಾಗಿ ತೆಗೀರಿ. ನಾಳೆ ಇರದೇ ಇರೋದನ್ನ ತೆಗೀಬಹುದು, ಯಾವಾಗ್ಲೂ ಇರೋದನ್ನ ಬಿಡ್ಬೇಕು, ನಾನು ಇಟ್ಕೊಂಡಿರೋ ಲೆಕ್ಕ ಇಷ್ಟೇ. ಮೀಸೆ ಮಾಯ ಆಗೋದು ಆಪ್ ಬೆಕ್ಕಿನ ಅಂಚನ್ನ ಊಹೆ ಮೇಲೆ ಕತ್ತರಿಸೋದ್ರಿಂದ, ಹಿಂದಿನದನ್ನ ಮಸುಕು ಮಾಡೋ ಪೋರ್ಟ್ರೇಟ್ ಮೋಡ್‌ನಲ್ಲೂ ಇದೇ ಗೋಳು, ಮೀಸೆ ಅರ್ಧಕ್ಕೇ ಮಸುಕಾಗಿ ನಿಂತ್ಬಿಡತ್ತೆ. ಬ್ಯಾಕ್‌ಗ್ರೌಂಡನ್ನ ತೆಗೆಯೋವಾಗ್ಲೇ ಸರಿ ಮಾಡ್ಕೊಳ್ಳೋದು ಸುಲಭ: ಒಂದು ಗಾಢ ಬಣ್ಣದ ಬೆಡ್‌ಶೀಟು, ಬೆಕ್ಕಿಂದ ಮೂರ್ನಾಲ್ಕು ಅಡಿ ಹಿಂದೆ. ಬಿಳಿ ಮೀಸೆ ತಾನಾಗೇ ಎದ್ದು ಕಾಣತ್ತೆ.

ಪ್ರಿಂಟಿಗೆ, 8×12 ಇಂಚು ಚೆನ್ನಾಗಿ ಬರ್ಬೇಕಂದ್ರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2400×3600 ಬೇಕು. ಸ್ಟುಡಿಯೋದವರಿಗೆ ವಾಟ್ಸಾಪಲ್ಲಿ ಫೋಟೋ ಅಂತ ಕಳ್ಸಿದ್ರೆ ಕುಗ್ಗಿ ಹೋಗತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿ.

ಪ್ರಶ್ನೆ: ಹಬ್ಬಕ್ಕೆ ಬೆಕ್ಕಿಗೆ ಹೂವಿನ ಹಾರ ಹಾಕಿ, ಸುತ್ತ ಲಿಲಿ ಹೂ ಇಟ್ಟು ಫೋಟೋ ತೆಗೀಬೇಕು ಅಂತಿದೀವಿ. ಬೆಳಕು ಹೇಗಿರ್ಬೇಕು?
(ಓದುಗರು, ತುಮಕೂರು)

ಉತ್ತರ: ಬೆಳಕಿನ ಮಾತು ಆಮೇಲೆ, ಮೊದಲು ಆ ಲಿಲಿ ಮನೆಯಿಂದ ಹೊರಗೆ ಹಾಕಿ. ಬೊಕೆಗೆ ಹಾಕೋ ಲಿಲಿ ಬೆಕ್ಕಿಗೆ ವಿಷ, ಎಲೆ ಕಚ್ಚಿದ್ರೂ, ಮೈಮೇಲೆ ಬಿದ್ದ ಪರಾಗ ನೆಕ್ಕಿದ್ರೂ ಕಿಡ್ನಿ ಹೋಗತ್ತೆ. ತಿಂದಿದೆ ಅನ್ನೋ ಅನುಮಾನ ಬಂದ್ರೂ ಕಾಯ್ದೇ ಆಸ್ಪತ್ರೆಗೆ ಓಡಿ. ಹಾರದ ದಾರಾನೂ ಅಷ್ಟೇ, ನುಂಗಿದ್ರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ ತನಕ ಹೋಗತ್ತೆ. ಬೆಕ್ಕನ್ನ ಅದರ ಪಾಡಿಗೆ ಕೂರ್ಸಿ ತೆಗೀರಿ, ಹೂವು ಬೇಕೇ ಬೇಕಂದ್ರೆ ಬೇರೆ ಫೋಟೋ ತೆಗೆದು ಎಡಿಟಲ್ಲಿ ಸೇರ್ಸಿ. ಎಡಿಟಿಂಗ್ ಇರೋದೇ ಇಂಥದ್ದಕ್ಕೆ.

ಪ್ರಶ್ನೆ: ನಮ್ಮ ಬೆಕ್ಕು ತೀರಿಹೋಗಿ ಎರಡು ತಿಂಗಳಾಯ್ತು. ಒಂದೂ ಒಳ್ಳೆ ಫೋಟೋ ಇಲ್ಲ, ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ ಒಂದು ವಿಡಿಯೋ ಉಂಟು. ಅದರಿಂದ ತೆಗೆದ ಚಿತ್ರವನ್ನು ಎಐ ಆಪಿಗೆ ಹಾಕಿದೆ, ತುಂಬಾ ಕ್ಲಿಯರ್ ಬಂತು, ಆದರೆ ಅಮ್ಮ ನೋಡಿ ಇದು ನಮ್ಮದಲ್ಲ ಅಂದರು.
(ಓದುಗರು, ಮಂಗಳೂರು)

ಉತ್ತರ: ನಿಮ್ಮ ಅಮ್ಮ ಹೇಳಿದ್ದು ಸರಿ. ಎರಡೂ ಚಿತ್ರ ಪಕ್ಕ ಪಕ್ಕ ಇಟ್ಟು ನೋಡಿದೆ. ವಿಡಿಯೋದಲ್ಲಿ ಮೂಗಿನ ಎಡಕ್ಕೆ ಒಂದು ಕಂದು ಮಚ್ಚೆ ಇದೆ, ಆಪ್ ಅದನ್ನ ಕೊಳೆ ಅಂದ್ಕೊಂಡು ಒರೆಸಿಬಿಟ್ಟಿದೆ, ಹಣೆ ಮೇಲಿನ ನಾಲ್ಕು ಗೆರೆ ಮೂರಾಗಿದೆ. ಇಲ್ಲದ ವಿವರವನ್ನ ಆಪ್ ಎಲ್ಲಿಂದ ತರತ್ತೆ ಹೇಳಿ, ಬೇರೆ ಸಾವಿರಾರು ಬೆಕ್ಕುಗಳನ್ನ ನೋಡಿ ಕಲ್ತಿದ್ದನ್ನ ತಂದು ತುಂಬತ್ತೆ ಅಷ್ಟೇ.

ಅಣ್ಣನ ಫೋನಲ್ಲಿ ಒರಿಜಿನಲ್ ವಿಡಿಯೋ ಇನ್ನೂ ಇದ್ಯಾ ಇವತ್ತೇ ಕೇಳಿ, ವಾಟ್ಸಾಪಿಗೆ ಬಂದಿದ್ದಕ್ಕಿಂತ ಅದು ಎಷ್ಟೋ ಮೇಲು. ಅದನ್ನ ಕಂಪ್ಯೂಟರಲ್ಲಿ ಒಂದೊಂದೇ ಫ್ರೇಮ್ ಮುಂದೆ ತಳ್ಳಿ, ತಲೆ ತಿರುಗಿಸಿ ಒಂದು ಕ್ಷಣ ನಿಲ್ಲತ್ತಲ್ಲ, ಆ ಫ್ರೇಮ್ ಆರಿಸ್ಕೊಳ್ಳಿ. ಫುಲ್ ಎಚ್‌ಡಿ ಆಗಿದ್ರೆ 1920×1080 ಸಿಗತ್ತೆ, 4×6 ಇಂಚಿಗೆ ಬೇಕಾದಷ್ಟಕ್ಕೆ ತುಂಬಾ ಹತ್ರ ಬರತ್ತೆ, ಗೋಡೆಗಲ್ಲ, ಮೇಜಿನ ಮೇಲಿಡೋ ಫ್ರೇಮಿಗೆ. ಬೆಳಕು ಸ್ವಲ್ಪ ಏರ್ಸಿ, ಬಣ್ಣ ಸ್ವಲ್ಪ ಬೆಚ್ಚಗೆ ಮಾಡಿ, ಮಸುಕು ಇದ್ರೆ ಇರ್ಲಿ ಬಿಡಿ. ಪ್ರಿಂಟಿಗೆ ಕೊಡೋ ಮುಂಚೆ ಅಮ್ಮನಿಗೆ ಒಂದ್ಸಲ ತೋರ್ಸಿ, ಆ ಮಚ್ಚೆಯ ಬಣ್ಣ ಸರಿ ಇದ್ಯಾ ಅಂತ ಅವರನ್ನೇ ಕೇಳಿ.