ಗೋವಾಕ್ಕೆ ಸುಮ್ನೆ ಬಿಲ್ಡಪ್ ಜಾಸ್ತಿನಾ? ವಾಸ್ಕೋದಿಂದ ಒಂದು ಉತ್ತರ

ನೀವು ಕೇಳಿರುವುದು ಇಷ್ಟು: "ಅಪ್ಪ, ಅಮ್ಮ, ಹೆಂಡತಿ, ಆರು ವರ್ಷದ ಮಗಳನ್ನು ಕರೆದುಕೊಂಡು ಮೊದಲ ಸಲ ಗೋವಾಕ್ಕೆ ಹೋಗಬೇಕು ಅಂತಿದ್ದೇನೆ. ಒಬ್ಬರು ಸ್ವರ್ಗ ಅಂತಾರೆ, ಇನ್ನೊಬ್ಬರು ದುಡ್ಡು ದಂಡ ಅಂತಾರೆ. ಬರೀ ಬಿಲ್ಡಪ್ಪಾ?"

ನಾನು ಗೋವಾದ ವಾಸ್ಕೋದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಊರು ನರಗುಂದದ ಕಡೆ. ಬೈನಾ, ಝುವಾರಿನಗರದ ಕಡೆ ಹೋದರೆ ಕೊಂಕಣಿಗಿಂತ ನಮ್ಮ ಮಾತೇ ಹೆಚ್ಚು ಕಿವಿಗೆ ಬೀಳುತ್ತದೆ, ಹಾಗಾಗಿ ಪರಊರು ಅಂತ ಅನ್ನಿಸುವುದೇ ಇಲ್ಲ. ವರ್ಷಕ್ಕೆ ನಾಲ್ಕೈದು ಸಲ ನೆಂಟರು ಬರುತ್ತಾರೆ. ಹೆಸರಿಗೆ ನನ್ನನ್ನು ನೋಡೋಕೆ, ನಿಜವಾಗಿ ಸಮುದ್ರ ನೋಡೋಕೆ. ಹೋಗುವಾಗ ಒಬ್ಬೊಬ್ಬರು ಒಂದೊಂದು ಥರ ಮುಖ ಮಾಡಿಕೊಂಡು ಹೋಗುತ್ತಾರೆ. ಆ ಮುಖಗಳನ್ನು ನೋಡಿ ನೋಡಿ ನನಗೆ ಗೊತ್ತಾಗಿದ್ದನ್ನು ಹೇಳುತ್ತೇನೆ.

ಮೊದಲು ನೇರ ಉತ್ತರ. ಡಿಸೆಂಬರ್ ಕೊನೆಯ ವಾರದ ಬಾಗಾ, ಕಲಂಗುಟ್ ಬೀಚುಗಳಿಗೆ ಬಿಲ್ಡಪ್ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಪೂರ್ತಿ ಗೋವಾಕ್ಕೆ ಆ ಮಾತು ಸಲ್ಲದು.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 2024ರ ಡಿಸೆಂಬರ್ 27ಕ್ಕೆ ಹೆಂಡತಿ ಮತ್ತು ಇಬ್ಬರು ಗೆಳೆಯರ ಜೊತೆ ಬಂದ. ನನ್ನನ್ನು ಒಂದು ಮಾತೂ ಕೇಳದೆ ಮೋಪಾ ವಿಮಾನ ನಿಲ್ದಾಣಕ್ಕೆ ಟಿಕೆಟ್ ಮಾಡಿಸಿದ್ದ, ಬಾಗಾದಲ್ಲಿ ರೂಮು ಹಿಡಿದಿದ್ದ. ಮಾರನೇ ದಿನ ಬೆಳಿಗ್ಗೆ ಫೋನು: "ಅಣ್ಣಾ, ಮಧ್ಯಾಹ್ನ ನಿಮ್ಮನೆ ಊಟ, ಸಂಜೆ ಪಾಲೋಲೆಂ ಸನ್‌ಸೆಟ್, ರಾತ್ರಿ ವಾಪಸ್ ಬಾಗಾ." ನಾನು ನಕ್ಕುಬಿಟ್ಟೆ. ಗೋವಾ ಚಿಕ್ಕದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಜ, ಇಡೀ ರಾಜ್ಯ 3,702 ಚದರ ಕಿಲೋಮೀಟರು, ನಮ್ಮ ಗದಗ ಜಿಲ್ಲೆಯಷ್ಟೂ ಇಲ್ಲ. ಆದರೆ ಕರಾವಳಿ ನೂರು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಉದ್ದ ಇದೆ. ಮೋಪಾ ಉತ್ತರದ ತುದಿ, ಪಾಲೋಲೆಂ ಬೀಚು ದಕ್ಷಿಣದ ತುದಿ. ನಡುವೆ ವರ್ಷದ ಕೊನೆಯ ಟ್ರಾಫಿಕ್ಕು.

ಮಧ್ಯಾಹ್ನದ ಊಟಕ್ಕೆ ಅವರು ಬಂದಿದ್ದು ನಾಲ್ಕೂವರೆಗೆ. ನನ್ನವಳು ಅನ್ನವನ್ನು ಎರಡು ಸಲ ಬಿಸಿ ಮಾಡಿದ್ದಳು. ಬಂದವನೇ ಶೂ ಬಿಚ್ಚುವ ಮೊದಲೇ ಲೆಕ್ಕ ಶುರು ಮಾಡಿದ. ಟ್ಯಾಕ್ಸಿಯವನು ಹೇಳಿದ ರೇಟಿಗೆ ಬೆಂಗಳೂರಿಂದ ಹುಬ್ಬಳ್ಳಿಗೆ ಎಸಿ ಬಸ್ಸಲ್ಲಿ ಹೋಗಿ ಬರಬಹುದಿತ್ತಂತೆ. ಇಲ್ಲಿ ಓಲಾ, ಊಬರ್ ಓಡುವುದಿಲ್ಲ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಬೀಚಿನ ಒಂದು ಶ್ಯಾಕ್‌ನಲ್ಲಿ, ಅಂದರೆ ಮರಳ ಮೇಲೆ ಕಟ್ಟುವ ತಾತ್ಕಾಲಿಕ ಹೋಟೆಲಿನಲ್ಲಿ, ಮೆನು ಕಾರ್ಡಿನಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು. ಕೇಳಿದರೆ "ನ್ಯೂ ಇಯರ್ ರೇಟ್" ಅಂದರಂತೆ. ಕಡಲ ತೀರದಲ್ಲಿ ಕಾಲಿಡಲು ಜಾಗ ಇಲ್ಲ, ಕಾಲಿಟ್ಟಲ್ಲಿ ಬಾಟಲಿ ಚೂರು. ಕೊನೆಗೆ ತೀರ್ಪು: "ಈ ದುಡ್ಡಿಗೆ ವಿಯೆಟ್ನಾಂಗೆ ಹೋಗಬಹುದಿತ್ತು ಅಣ್ಣಾ."

ತಮಾಷೆ ಏನು ಗೊತ್ತಾ? ಅದೇ ಚಳಿಗಾಲದಲ್ಲಿ ಜಾಲತಾಣದ ತುಂಬಾ "ಗೋವಾ ಖಾಲಿ ಹೊಡೀತಿದೆ, ಯಾರೂ ಹೋಗ್ತಿಲ್ಲ" ಅಂತ ಗಲಾಟೆ. ಸರ್ಕಾರ ಹಾಗೇನೂ ಇಲ್ಲ ಅಂತ ಅಂಕಿಅಂಶ ಹಿಡಿದು ನಿಂತಿತ್ತು. ಖಾಲಿ ಅನ್ನುವ ಪೋಸ್ಟನ್ನು ನನ್ನ ತಮ್ಮ ಟ್ಯಾಕ್ಸಿಯಲ್ಲಿ, ಟ್ರಾಫಿಕ್ಕಿನ ನಡುವೆ ಕೂತು ಓದಿದನಂತೆ. ಹೊರದೇಶದವರು ಮೊದಲಿನಷ್ಟು ಕಾಣುವುದಿಲ್ಲ ಅನ್ನುವುದು ನನ್ನ ಕಣ್ಣಿಗೂ ಬಿದ್ದಿದೆ. ಆದರೆ ಆ ವಾರ ಖಾಲಿ ಅಂದವರನ್ನು ನಮ್ಮನೆ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷ ನಿಲ್ಲಿಸಬೇಕಿತ್ತು.

ತಮ್ಮನ ಎರಡನೇ ಬೇಸರ ದೂಧ್‌ಸಾಗರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಮೋಸ ಮಾಡುವವರು ಯಾರೂ ಇಲ್ಲ, ತಾವೇ ಹೋಗುತ್ತಾರೆ. ರೀಲ್ಸ್‌ನಲ್ಲಿ ನೋಡುವ ದೂಧ್‌ಸಾಗರ ಇದೆಯಲ್ಲ, 310 ಮೀಟರ್ ಎತ್ತರದಿಂದ ಗುಡ್ಡಕ್ಕೆ ಗುಡ್ಡವೇ ಬಿಳಿಯಾಗಿ ಇಳಿಯುವುದು, ನಡುವೆ ಸೇತುವೆ ಮೇಲೆ ರೈಲು. ಅದು ಜುಲೈ, ಆಗಸ್ಟ್‌ನ ಚಿತ್ರ. ಆ ಹೊತ್ತಿನಲ್ಲಿ ಕುಳೆಂನಿಂದ ಹೋಗುವ ಜೀಪುಗಳು ಬಂದ್ ಇರುತ್ತವೆ, ದಾರಿಯಲ್ಲಿ ಹೊಳೆ ದಾಟಬೇಕಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ಜೀಪು ಶುರುವಾಗುತ್ತದೆ. ಅಷ್ಟರಲ್ಲಿ ನೀರು ದಿನದಿನಕ್ಕೆ ಇಳಿಯುತ್ತಿರುತ್ತದೆ. ಅಂದರೆ ನೀರು ಇದ್ದಾಗ ದಾರಿ ಇಲ್ಲ, ದಾರಿ ಇದ್ದಾಗ ಆ ನೀರಿಲ್ಲ. ತಮ್ಮ ಬೆಳಿಗ್ಗೆ ಕತ್ತಲಲ್ಲೇ ಎದ್ದು, ಕ್ಯೂ ನಿಂತು, ಜೀಪಲ್ಲಿ ಸೊಂಟ ಕುಲುಕಿಸಿಕೊಂಡು, ಲೈಫ್ ಜಾಕೆಟ್ ಹಾಕಿಕೊಂಡು ಹೋಗಿ ನೋಡಿದ್ದು ಒಳ್ಳೆಯ ಜಲಪಾತವನ್ನೇ. ಆದರೆ ಅವನ ಮೊಬೈಲಲ್ಲಿ ಇದ್ದಿದ್ದು ಬೇರೆ.

ಮಳೆಗಾಲದಲ್ಲಿ ಅದನ್ನು ಸರಿಯಾಗಿ ನೋಡಬೇಕು ಅಂದರೆ ರೈಲೇ ಗತಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿನಲ್ಲಿ ಹಳಿ ಜಲಪಾತದ ಎದುರಿಗೇ ಹಾದುಹೋಗುತ್ತದೆ. ಹಗಲು ರೈಲು ಹಿಡಿಯಬೇಕು, ಒಳಗೇ ಕೂತು ನೋಡಬೇಕು. ಹಳಿ ಹಿಡಿದು ನಡೆಯಲು ಮಾತ್ರ ಹೋಗಬೇಡಿ. 2023ರ ಜುಲೈಯಲ್ಲಿ ಹಾಗೆ ಹೋದ ಹುಡುಗರಿಂದ ಪೊಲೀಸರು ಹಳಿ ಪಕ್ಕದಲ್ಲೇ ಬಸ್ಕಿ ಹೊಡೆಸಿದ ವಿಡಿಯೋ ಊರೆಲ್ಲಾ ಓಡಾಡಿತ್ತು.

ಇನ್ನು ಬೇರೆಯವರ ದೂರುಗಳನ್ನು ಬೇಗ ಮುಗಿಸುತ್ತೇನೆ. ಪಣಜಿಯ ಫೊಂಟೇನ್ಯಾಸ್ ಕೇರಿ: ಬಣ್ಣದ ಮನೆಗಳು, ಚೆಂದವೇ, ಆದರೆ ಅಲ್ಲಿ ಜನ ವಾಸ ಇದ್ದಾರೆ, ಅವರ ಬಾಗಿಲಲ್ಲಿ ಕೂತು ಫೋಟೋ ತೆಗೆಸಿಕೊಂಡರೆ ಬೈಸಿಕೊಳ್ಳುತ್ತೀರಿ. ಬೈಯುವುದು ಸರಿಯೂ ಹೌದು. ತಾಂಬ್ಡಿ ಸುರ್ಲಾದ ಮಹಾದೇವ ಗುಡಿ: ಕದಂಬರ ಕಾಲದ್ದು, ಕರಿಕಲ್ಲಿನದು. ಇಲ್ಲಿನವರು ತುಂಬಾ ಹೆಮ್ಮೆಯಿಂದ ತೋರಿಸುತ್ತಾರೆ. ನಾನು ಗದಗ ಜಿಲ್ಲೆಯವನು, ಲಕ್ಕುಂಡಿ ನೋಡಿ ಬೆಳೆದವನು, "ಇಷ್ಟೇನಾ?" ಅನ್ನಿಸಿದ್ದು ಸುಳ್ಳಲ್ಲ. ಆದರೆ ಸುತ್ತ ಕಾಡು, ಪಕ್ಕದಲ್ಲೇ ಹರಿಯುವ ಹಳ್ಳ, ನಾವು ಹೋದ ದಿನ ಹಳ್ಳದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಲಕ್ಕುಂಡಿಯಲ್ಲಿ ಅದು ಸಿಗುವುದಿಲ್ಲ. ಅಂದ ಹಾಗೆ ಇಲ್ಲಿನ ಸರ್ಕಾರಿ ಬಸ್ಸಿನ ಹೆಸರೇ 'ಕದಂಬ'. ಕನ್ನಡದವರಿಗೆ ಮೊದಲ ಸಲ ಆ ಬಸ್ಸು ಹತ್ತಿದಾಗ ಒಂಥರಾ ಖುಷಿ ಆಗುತ್ತದೆ, ಸೀಟು ಸಿಗದಿದ್ದರೂ.

ನನ್ನ ಆಫೀಸಿನಲ್ಲಿ ಕುಮಟಾದವರು ಒಬ್ಬರಿದ್ದಾರೆ. ಅವರ ಪ್ರಕಾರ ಇಡೀ ಗೋವಾದ ಕಡಲಲ್ಲಿ ನೋಡುವಂಥದ್ದು ಏನೂ ಇಲ್ಲ. "ನಮ್ಮ ಮನೆ ಹಿಂದೆ ಇದೇ ಸಮುದ್ರ ಮಾರಾಯ್ರೆ, ಪಾರ್ಕಿಂಗ್ ಚಾರ್ಜೂ ಇಲ್ಲ" ಅನ್ನುತ್ತಾರೆ. ಅವರಿಗೆ ಅದು ಸತ್ಯ. ಥಾಯ್ಲೆಂಡ್ ನೋಡಿ ಬಂದ ನನ್ನ ತಮ್ಮನಿಗೆ ಅವನದು ಸತ್ಯ. ನಿಮ್ಮ ಊರು ಯಾವುದು ಅಂತ ನೀವು ಬರೆದಿಲ್ಲ. ಕರಾವಳಿಯವರಾದರೆ ನನ್ನ ಉತ್ತರ ಇಲ್ಲಿಗೇ ನಿಲ್ಲಿಸಿ, ಬೇರೆ ಕಡೆ ಟಿಕೆಟ್ ಮಾಡಿಸಿ. ಬಯಲುಸೀಮೆಯವರಾದರೆ ಮುಂದೆ ಓದಿ.

ಹಿರಿಯರು, ಮಗು ಇರುವಾಗ ನಾನಾದರೆ ಡಿಸೆಂಬರ್ 20ರಿಂದ ಜನವರಿ 5ರವರೆಗೆ ಬರುವುದೇ ಇಲ್ಲ. ನವೆಂಬರ್ ಅಥವಾ ಫೆಬ್ರವರಿ ಸರಿ. ದಕ್ಷಿಣ ಗೋವಾದಲ್ಲಿ ಒಂದೇ ಕಡೆ ರೂಮು ಹಿಡಿದು ಅಲ್ಲೇ ಇರುತ್ತೇನೆ, ಬೇನಾವಲಿ ಇರಲಿ, ಅಗೋಂದಾ ಇರಲಿ. ದಿನಕ್ಕೆ ಒಂದು ಜಾಗ, ಅದಕ್ಕಿಂತ ಜಾಸ್ತಿ ಬೇಡ. ವಿಮಾನದಲ್ಲಿ ಬಂದರೆ ಮೋಪಾ ಅಲ್ಲ, ದಾಬೋಳಿ. ಬಾಡಿಗೆಗೆ ಗಾಡಿ ತೆಗೆದುಕೊಂಡರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯಾ ನೋಡಿ. ಬಿಳಿ ಪ್ಲೇಟಿನದು ಅಗ್ಗಕ್ಕೆ ಸಿಗುತ್ತದೆ, ಹಾಗೇ ಪೊಲೀಸರಿಗೂ ಸಿಕ್ಕಿಬೀಳುತ್ತದೆ. ಟೆಂಪೋದಲ್ಲಿ ಒಲೆ, ಪಾತ್ರೆ ಹೇರಿಕೊಂಡು ಬಂದು ಬೀಚಲ್ಲಿ ಪಲಾವ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ತೆರೆದ ಜಾಗದಲ್ಲಿ ಅಡುಗೆ ಮಾಡಿದರೂ, ಕುಡಿದರೂ ದಂಡ ಅಂತ 2019ರಲ್ಲೇ ಕಾನೂನು ತಂದಿದ್ದಾರೆ, ಆಗ ಒಬ್ಬರಿಗೆ 2,000 ರೂಪಾಯಿ ಇತ್ತು.

ಹೀಗೆಲ್ಲಾ ಲೆಕ್ಕ ಹೇಳುವ ನಾನೇ ಒಂದು ಸಲ ಪೂರ್ತಿ ತಪ್ಪಿದ್ದೆ. ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ದೊಡ್ಡವ್ವ ಬರುತ್ತೇನೆ ಅಂದಳು. ಎಪ್ಪತ್ತರ ಮೇಲೆ ವಯಸ್ಸು. "ಈಗ ಬೇಡ ದೊಡ್ಡವ್ವ, ಮಳಿ ಐತಿ, ಶ್ಯಾಕ್ ಎಲ್ಲಾ ಕಿತ್ತು ಹಾಕ್ಯಾರ, ನೋಡಾಕ ಏನೂ ಇಲ್ಲ" ಅಂದೆ. "ಸಮುದ್ರಾನೂ ಕಿತ್ತು ಹಾಕ್ಯಾರೇನು?" ಅಂದಳು. ಬಂದಳು, ಗದಗದಿಂದ ಹಗಲು ರೈಲಲ್ಲಿ, ಮೊಮ್ಮಗನ ಜೊತೆ. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಒಂದು ಕೊಡೆ. ಸ್ಟೇಷನ್ನಿನಲ್ಲಿ ಇಳಿದವಳು ಮೊದಲು ಕೇಳಿದ್ದು, "ದಾರ್ಯಾಗ ಒಂದು ಗುಡ್ಡದ ಮ್ಯಾಲಿಂದ ಹಾಲು ಚೆಲ್ಲಿದಂಗ ಇತ್ತಲ್ಲೋ, ಏನದು?"

ದೂಧ್‌ಸಾಗರ ಅನ್ನುವ ಹೆಸರನ್ನೇ ಆಕೆ ಕೇಳಿರಲಿಲ್ಲ.

ಮಾರನೇ ದಿನ ಬೋಗ್ಮಾಲೊಗೆ ಕರೆದುಕೊಂಡು ಹೋದೆ. ಜಿಟಿಜಿಟಿ ಮಳೆ, ಕೆಂಪು ಬಾವುಟ, ತೀರದಲ್ಲಿ ನಾವು ಮೂರು ಜನ, ಎರಡು ನಾಯಿ, ಸೀಟಿ ಹಿಡಿದ ಒಬ್ಬ ಲೈಫ್‌ಗಾರ್ಡ್. ನೀರು ಬೂದು ಬಣ್ಣ. ಫೋಟೋ ತೆಗೆದರೆ ಒಂದು ಲೈಕೂ ಬರುವುದಿಲ್ಲ, ಅಂಥ ಸಮುದ್ರ. ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ಅಲೆ ಪಾದಕ್ಕೆ ಬಂದಾಗ ಹಿಂದೆ ಸರಿದಳು, ಹೋದಾಗ ಮುಂದೆ ಹೋದಳು. ಹತ್ತು ನಿಮಿಷ ಇದೇ ಆಟ. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿ, "ಯವ್ವಾ, ಖರೇನ ಉಪ್ಪು!" ಅಂದಳು. ಇಷ್ಟು ವರ್ಷ ಬರೀ ಕೇಳಿದ್ದನ್ನು ಅವತ್ತು ತಾನೇ ಪರೀಕ್ಷೆ ಮಾಡಿ ನೋಡಿದಂತಿತ್ತು. ಮೊಮ್ಮಗನ ನೀರಿನ ಬಾಟಲಿ ಖಾಲಿ ಮಾಡಿಸಿ ಅದರ ತುಂಬಾ ಸಮುದ್ರದ ನೀರು ತುಂಬಿಸಿಕೊಂಡಳು, ಊರಲ್ಲಿ ತೋರಿಸೋಕೆ.

ಮೂರನೇ ದಿನ ಪಣಜಿ. ಮೊದಲಾದರೆ ಹಳೇ ಝುವಾರಿ ಸೇತುವೆ ದಾಟುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು, 2022ರ ಕೊನೆಯಲ್ಲಿ ಹೊಸದು ತೆರೆದ ಮೇಲೆ ಉಸಿರಾಡುತ್ತಿದ್ದೇವೆ. ಸಂಜೆ ನದಿ ದಂಡೆಯಲ್ಲಿ ಕೂತೆವು. ಎದುರಿಗೆ ಕ್ಯಾಸಿನೋ ಹಡಗುಗಳು, ಒಂದೊಂದಕ್ಕೂ ಜಾತ್ರೆಯ ತೇರಿನಂತೆ ಲೈಟು. ಮಳೆಗೆ ಹೊಳೆ ಕೆಂಪಗೆ, ತುಂಬಿ ಹರಿಯುತ್ತಿತ್ತು.

"ಇದು ಯಾವ ಹೊಳಿ?" ಅಂದಳು.

"ಮಾಂಡವಿ. ನಮ್ಮ ಕಡೆ ಮಹದಾಯಿ ಅಂತೀವಲ್ಲ, ಅದ."

ದೊಡ್ಡವ್ವ ಸುಮ್ಮನಾದಳು. ನಿಮಗೆ ಹಿನ್ನೆಲೆ ಗೊತ್ತಿಲ್ಲದಿದ್ದರೆ: ಈ ನದಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ. ಅದರ ಸ್ವಲ್ಪ ನೀರನ್ನು ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ತಿರುಗಿಸಿ ಅಂತ ನಮ್ಮ ಕಡೆಯ ರೈತರು ದಶಕಗಳಿಂದ ಕೇಳುತ್ತಿದ್ದಾರೆ. ಕೊಟ್ಟರೆ ನಮ್ಮ ಕಾಡು, ನಮ್ಮ ಹೊಳೆ ಬತ್ತುತ್ತದೆ ಅಂತ ಇಲ್ಲಿಯವರು ಹೇಳುತ್ತಾರೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟರೂ ಜಗಳ ಮುಗಿದಿಲ್ಲ. 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಶುರುವಾದಾಗ ಆ ಟೆಂಟಿನಲ್ಲಿ ದೊಡ್ಡವ್ವ ಎಷ್ಟೋ ದಿನ ಕೂತಿದ್ದಳು. ನೀರನ್ನು ಮಾತ್ರ ನೋಡಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಎದುರು ದಂಡೆಯ ಬೇತಿಗೆ ಹೋಗುವ ಫೆರಿ ಹತ್ತಿದೆವು. ನಡು ಹೊಳೆಯಲ್ಲಿ ಆಕೆ ಎಲೆ ಅಡಿಕೆ ಚೀಲದಿಂದ ಎರಡು ರೂಪಾಯಿ ನಾಣ್ಯ ತೆಗೆದು ಹಣೆಗೆ ಮುಟ್ಟಿಸಿ ನೀರಿಗೆ ಹಾಕಿದಳು. ಆಮೇಲೆ ಕೇಳಿದಳು, "ದೋಣಿಗೆ ಎಷ್ಟು ಕೊಟ್ಟಿ?"

"ನಡಕೊಂಡು ಹತ್ತಿದವರಿಗೆ ಪುಕ್ಕಟೆ ದೊಡ್ಡವ್ವ."

"ದೋಣಿ ಪುಕ್ಕಟೆ," ಅಂದಳು, "ನೀರಷ್ಟ ಕೊಡೂದಿಲ್ಲ."

ಬಾಗಾ ನೋಡುತ್ತೀಯಾ, ಇಲ್ಲಿಂದ ಹತ್ತಿರ ಅಂದೆ. ಅದೆಲ್ಲಾ ಬೇಡ ಅಂದಳು. ಫೆರಿಯಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಇನ್ನೂ ಎರಡು ಸಲ ಓಡಾಡಿಸಿದಳು. ಕೊನೆಗೆ ಟಿಕೆಟ್ ಇಲ್ಲದ ದೋಣಿಯ ಹುಡುಗನೇ ನಮ್ಮನ್ನು ಗುರುತು ಹಿಡಿದು ನಗಲು ಶುರು ಮಾಡಿದ.