ಆಂಟಿಬಯೋಟಿಕ್ ಆದಮೇಲೆ ಪ್ರೊಬಯೋಟಿಕ್ (ಜೀವಂತ ಬ್ಯಾಕ್ಟೀರಿಯಾ ಇರುವ) ಕ್ಯಾಪ್ಸೂಲ್ ನುಂಗಿದರೆ ಹೊಟ್ಟೆಯ, ಯೋನಿಯ ಒಳ್ಳೆ ಬ್ಯಾಕ್ಟೀರಿಯಾ ವಾಪಸ್ ಬರುತ್ತವಾ?

ಹೊಟ್ಟೆಗೆ ಸ್ವಲ್ಪ ಉಪಯೋಗ ಇದೆ, ಯೋನಿಗೆ ಅಷ್ಟು ಖಾತ್ರಿ ಇಲ್ಲ. ಆಂಟಿಬಯೋಟಿಕ್‌ನಿಂದ ಆಗುವ ಭೇದಿಯನ್ನು ಕೆಲವು ಪ್ರೊಬಯೋಟಿಕ್‌ಗಳು ಕಡಿಮೆ ಮಾಡುತ್ತವೆ. ಆದರೆ ಅವು ಒಳಗೆ ಮನೆ ಮಾಡಿಕೊಳ್ಳುವುದು ಅಪರೂಪ. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಹೆಚ್ಚಿನವು ಹೊರಟುಹೋಗುತ್ತವೆ.

ಯೋನಿಯ ಲೆಕ್ಕ ಅರ್ಥವಾಗಬೇಕಾದರೆ ಮೊಸರಿನ ಗಡಿಗೆ ನೋಡಿ. ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಹಾಲು ಹುಳಿಯಾಗುತ್ತದೆ, ಅಲ್ವಾ? ಯೋನಿಯಲ್ಲೂ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇಂಥದೇ ಹುಳಿ, ಅಂದರೆ ಲ್ಯಾಕ್ಟಿಕ್ ಆಮ್ಲ, ಮಾಡುತ್ತವೆ. ಹುಳಿಯನ್ನು ಅಳೆಯುವ ಪಿಎಚ್ (ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಅಲ್ಲಿ ಸುಮಾರು 3.8ರಿಂದ 4.5 ಇರುತ್ತದೆ. ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಆಂಟಿಬಯೋಟಿಕ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗಲ್ಲ, ಹೆಪ್ಪನ್ನೂ ಕೊಲ್ಲುತ್ತದೆ.

ಹಾಗಂತ ಮೊಸರನ್ನು ಅಲ್ಲಿಗೆ ಹಚ್ಚಬೇಡಿ! ಮೊಸರಿನ ತಳಿ ಬೇರೆ, ಅಲ್ಲಿಯ ತಳಿ ಬೇರೆ. ರೊಟ್ಟಿ ಜೊತೆ ಗಟ್ಟಿ ಮೊಸರು ಉಣ್ಣಿ, ಅದು ಹೊಟ್ಟೆಗೆ ಒಳ್ಳೆಯದು.

ತುರಿಕೆ, ಮೀನಿನಂಥ ವಾಸನೆ, ಮೊಸರಿನ ಗಡ್ಡೆಯಂತೆ ಬಿಳಿ ಹೋಗುವುದು ಇದ್ದರೆ ಸುಮ್ನೆ ಮೆಡಿಕಲ್ ಶಾಪ್‌ನಲ್ಲಿ ಕ್ಯಾಪ್ಸೂಲ್ ಕೇಳಬೇಡಿ. ಅದು ಸೋಂಕು ಇರಬಹುದು, ಬೇರೆ ಔಷಧಿ ಬೇಕಾಗಬಹುದು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲೋ ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲೋ ಸ್ತ್ರೀರೋಗ ವೈದ್ಯರಿಗೆ ತೋರಿಸಿ.

ಕ್ಯಾಪ್ಸೂಲ್ ತಗೊಳ್ಳುವುದೇ ಆದರೆ ಆಂಟಿಬಯೋಟಿಕ್‌ಗಿಂತ ಎರಡು ಗಂಟೆಯಾದರೂ ಬಿಟ್ಟು ತಗೊಳ್ಳಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ರೋಗನಿರೋಧಕ ಶಕ್ತಿ ಜಾಸ್ತಿ ಕುಗ್ಗಿದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.